ಮೊದಲ 60 ಅಡಿ

ಡ್ರ್ಯಾಗ್ ರೇಸಲ್ಲಿ ಎಂತ ಉಂಟು, ಎಕ್ಸಲರೇಟರ್ ಒತ್ತಿ ಹಿಡಿದರೆ ಆಯ್ತಲ್ಲ ಅಂತ ಹಾಸ್ಟೆಲಿನಲ್ಲಿ ತುಂಬ ಜನ ಕೇಳುತ್ತಾರೆ. 402 ಮೀಟರಿನ ಓಟ ಅದು. ಅದರಲ್ಲಿ ಮೊದಲ 60 ಅಡಿಯ ಸಮಯವನ್ನು ಬೇರೆಯಾಗಿಯೇ ಅಳೆಯುತ್ತಾರೆ, ಯಾಕೆಂದರೆ ಅಲ್ಲಿ ಕಳೆದುಕೊಂಡದ್ದನ್ನು ಮುಂದೆ ಗಳಿಸುವುದು ಕಷ್ಟ. ಕಾರ್ಕಳದ ಮಿಯಾರು ಕಂಬಳ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂತಿನಲ್ಲಿ ಕೋಣ ಬಿಡುವಾಗ ಆದ ಎಡವಟ್ಟು ಮಂಜೊಟ್ಟಿಯಲ್ಲಿ ಗೊತ್ತಾಗುತ್ತದೆ.

ನಮಗೆ ಸಿಕ್ಕಿದ್ದು ಗೆಳೆಯನ ಮಾವನ ಹಳೇ ಹೋಂಡಾ ಸಿಟಿ ವಿಟೆಕ್. ಕಾಪುವಿನ ಅವರ ಶೆಡ್ಡಿನಲ್ಲಿ ಧೂಳು ಹಿಡಿದು ನಿಂತಿತ್ತು. 1.5 ಲೀಟರ್ ಎಂಜಿನ್, 106 ಎಚ್‌ಪಿ. ಆ ಕಾಲಕ್ಕೆ ನಮ್ಮ ರಸ್ತೆಗಳಲ್ಲಿ ಅದು ಸಣ್ಣ ಮಾತಲ್ಲ.

ಆದರೆ ಈ ಕಾರನ್ನು ಎಳೆಯುವುದು ಮುಂದಿನ ಚಕ್ರಗಳು. ಹೊರಡುವ ಕ್ಷಣದಲ್ಲಿ ಭಾರ ಹಿಂದಕ್ಕೆ ಹೋಗಿ, ಎಳೆಯಬೇಕಾದ ಚಕ್ರಗಳೇ ಹಗುರವಾಗುತ್ತವೆ. ಫಸ್ಟ್ ಇಯರ್ ಮೆಕ್ಯಾನಿಕ್ಸ್ ಸಾಕು. ಚಾಲಕ ಸೇರಿ 1,100 ಕೆಜಿ, ಅದರಲ್ಲಿ ಮುಂದೆ 660 ಎಂದಿಟ್ಟುಕೊಳ್ಳಿ. ಗುರುತ್ವ ಕೇಂದ್ರದ ಎತ್ತರ ಅರ್ಧ ಮೀಟರ್, ವೀಲ್‌ಬೇಸ್ 2.5 ಮೀಟರ್. 0.4 ಜಿ ವೇಗೋತ್ಕರ್ಷಕ್ಕೆ 88 ಕೆಜಿ ಹಿಂದಕ್ಕೆ ಹೋಗಿ ಮುಂದೆ ಉಳಿಯುವುದು 572. ಘರ್ಷಣಾಂಕ 0.8 ಆದರೆ ಟಯರಿನ ಮಿತಿ ಹತ್ತಿರ ಹತ್ತಿರ ಅಲ್ಲಿಗೇ ಮುಗಿಯಿತು. ಮತ್ತೆ ಎಷ್ಟು ಒತ್ತಿದರೂ ಬರುವುದು ಹೊಗೆ ಮಾತ್ರ.

ಹಾಗಾಗಿ ನಾವು ಎಂಜಿನ್ ಮುಟ್ಟಲಿಲ್ಲ. ಸ್ಟೆಪ್ನಿ, ಜಾಕ್, ಹಿಂದಿನ ಸೀಟು ಇಳಿಸಿದೆವು. ಹಿಂಭಾಗ ಒಮ್ಮೆಲೇ ಕುಳಿತುಬಿಡದಂತೆ ಗಟ್ಟಿ ಸ್ಪ್ರಿಂಗ್ ಹಾಕಿದೆವು. ಉಡುಪಿಯಿಂದ ಹೊಸ ಎಂಜಿನ್ ಮೌಂಟಿಂಗ್ ತಂದೆವು. ಹಳೇ ರಬ್ಬರಿನಲ್ಲಿ ಎಂಜಿನ್ ಕುಣಿದರೆ ಚಕ್ರವೂ ಕುಪ್ಪಳಿಸುತ್ತದೆ. ಮುಂದಿನ ಟಯರಿನ ಗಾಳಿ 25 ಪಿಎಸ್‌ಐಗೆ ಇಳಿಸಿದೆವು. ಇನ್ನು ಉಳಿದದ್ದು ಎಷ್ಟು ಆರ್‌ಪಿಎಂನಲ್ಲಿ ಕ್ಲಚ್ ಬಿಡುವುದು ಅನ್ನುವುದು. ಅದು ಪೇಪರಿನಲ್ಲಿ ಸಿಗುವುದಿಲ್ಲ, ಓಡಿಸಿಯೇ ನೋಡಬೇಕು.

ಎಲ್ಲಿ ಓಡಿಸುವುದು? ಡ್ರ್ಯಾಗ್ ಮೀಟ್ ನಡೆಯುವುದು ಲೋಣಾವಳ ಹತ್ತಿರದ ಆಂಬಿ ವ್ಯಾಲಿಯಂಥ ಏರ್‌ಸ್ಟ್ರಿಪ್‌ಗಳಲ್ಲಿ. ನಮ್ಮಲ್ಲೊಬ್ಬ ಹೇಳಿದ, "ರಾತ್ರಿ ಎರಡಕ್ಕೆ ಕಾಪುವಿನ ಹೈವೇ ಖಾಲಿ ಇರ್ತದೆ ಮಾರಾಯ. ಎರಡೇ ಸಲ." 2019ರ ತಿದ್ದುಪಡಿಯ ನಂತರ ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ ಮೂರು ತಿಂಗಳ ತನಕ ಜೈಲು ಆಗಬಹುದು ಅಂತ ಇನ್ನೊಬ್ಬ ಓದಿ ಹೇಳಿದ. ಅದಕ್ಕೆ ಯಾರೂ ಹೆದರಲಿಲ್ಲ. ಆಗ ಮೂರನೆಯವನು ಮೆಲ್ಲ ಹೇಳಿದ, "ಆ ಹೊತ್ತಿಗೆ ನನ್ನ ಅಪ್ಪ ಅದೇ ರೋಡಲ್ಲಿ ಸ್ಕೂಟರಲ್ಲಿ ಮಲ್ಪೆ ಬಂದರಿಗೆ ಹೋಗ್ತಾರೆ."

402 ಮೀಟರ್ ಮುಗಿಯುವಾಗ ಕಾರು ಗಂಟೆಗೆ 120 ಕಿ.ಮೀ. ದಾಟಿರುತ್ತದೆ. ಖಾಲಿ ಅಂತ ನಾವು ಹೇಳುವ ರಸ್ತೆಯಲ್ಲಿ ಯಾರದ್ದೋ ಅಪ್ಪ ಇದ್ದೇ ಇರುತ್ತಾರೆ. ಹೈವೇಗೆ ಇಳಿಯಲಿಲ್ಲ.

"ಎರಡೇ ಸಲ" ಅಂದವನು ಒಂದು ವಾರ ನಮ್ಮೊಟ್ಟಿಗೆ ಮಾತಾಡಲಿಲ್ಲ. ಅವನ ಬೇಸರವೂ ಸುಳ್ಳಲ್ಲ. ಮಳೆಗಾಲಕ್ಕೆ ಮೊದಲು ಮಾವ ಕಾರು ಮಾರುತ್ತಾರೆ. ಅಷ್ಟರೊಳಗೆ ಯಾವುದಾದರೂ ಏರ್‌ಸ್ಟ್ರಿಪ್‌ನಲ್ಲಿ ಮೀಟ್ ಇರುವ ಸುದ್ದಿ ಸಿಕ್ಕಿದರೆ ನಮಗೂ ತಿಳಿಸಿ. ಕಾರು ಸಾಗಿಸುವ ಲಾರಿ ಬಾಡಿಗೆಗೆ ದುಡ್ಡು ಒಟ್ಟು ಮಾಡ್ತಾ ಇದ್ದೇವೆ.