ಹಚ್ಚೋ ಕೈ, ನೆಕ್ಕೋ ನಾಲಿಗೆ

ನಾಯಿಗೆ ಆಪರೇಷನ್ ಆಗಿದೆ ಅಂತ ಹೇಳಿ ನೋಡಿ, ಅಪಾರ್ಟ್‌ಮೆಂಟಿನ ಅರ್ಧ ಜನ ಡಾಕ್ಟರಾಗಿಬಿಡ್ತಾರೆ. ಲಿಫ್ಟಿನಲ್ಲಿ ಸಿಕ್ಕ ಆಂಟಿ ಅರಿಶಿನ ಅಂದ್ರು. ಸೆಕ್ಯೂರಿಟಿ ಅಣ್ಣ ಬೇವಿನೆಣ್ಣೆ ಅಂದ್ರು. ಆಫೀಸಿನ ಗೆಳತಿ ಟೀ ಟ್ರೀ ಆಯಿಲ್ ಲಿಂಕನ್ನೇ ಕಳಿಸಿದಳು. ಊರಿಂದ ಅಜ್ಜಿ ಫೋನ್ ಮಾಡಿ, "ಜೇನುತುಪ್ಪ ಸವರೇ, ಮೂರೇ ದಿನಕ್ಕೆ ಮಾಯುತ್ತೆ" ಅಂದ್ರು. ನಮ್ಮ ಚುಕ್ಕಿ, ಬೀದಿಯಿಂದ ಬಂದ ಎರಡು ವರ್ಷದ ಹುಡುಗಿ, ಸಂತಾನಹರಣ ಚಿಕಿತ್ಸೆ ಮುಗಿಸಿ ಹೊಟ್ಟೆ ಮೇಲೆ ಎರಡಿಂಚು ಹೊಲಿಗೆ ಇಟ್ಕೊಂಡು ಮಲಗಿದ್ದಳು.

ಅಜ್ಜಿ ಮಾತು ಸುಳ್ಳಲ್ಲ. ಸುಶ್ರುತ ಸಂಹಿತೆಯಲ್ಲೂ ಗಾಯಕ್ಕೆ ಜೇನಿನ ಪ್ರಸ್ತಾಪ ಇದೆ. ಜೇನಿನ ಸಕ್ಕರೆ ಗಾಯದ ನೀರನ್ನು ಹೀರಿಕೊಳ್ಳುತ್ತೆ, ಅದರ ಹುಳಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯೋದು ಕಷ್ಟ. ಬಾಯಿ ತೆರೆದ, ಕೀವು ತುಂಬಿದ ಗಾಯಕ್ಕೆ ಪಶುವೈದ್ಯರು ಇವತ್ತಿಗೂ ಜೇನು ಬಳಸ್ತಾರೆ. ಆದರೆ ಅದು ಗಾಮಾ ಕಿರಣ ಹಾಯಿಸಿ ಶುದ್ಧಮಾಡಿದ ಜೇನು, ಮೇಲೆ ಬ್ಯಾಂಡೇಜು ಬೇರೆ. ಅಡುಗೆಮನೆ ಬಾಟಲಿಯ ಜೇನಲ್ಲಿ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು. ಬ್ರೆಡ್ಡಿಗೆ ಪರವಾಗಿಲ್ಲ, ಹೊಲಿಗೆಗೆ ಬೇಡ.

ಹೊಲಿಗೆ ಹಾಕಿದ ಗಾಯದ ಕಥೆನೇ ಬೇರೆ. ಅದರ ಬಾಯಿ ಆಗಲೇ ಮುಚ್ಚಿದೆ, ಒಂದೆರಡು ದಿನದಲ್ಲಿ ಅಂಚುಗಳು ತೆಳುವಾಗಿ ಕೂಡಿಕೊಳ್ಳುತ್ತವೆ. ಅದಕ್ಕೆ ಬೇಕಿರೋದು ಒಣಗೋಕೆ ಬಿಡೋದು, ಅಷ್ಟೇ. ಎಣ್ಣೆ, ಲೇಪ ಹಚ್ಚಿದರೆ ಚರ್ಮ ಮೆತ್ತಗಾಗುತ್ತೆ, ಧೂಳು, ಕೂದಲು ಅಂಟುತ್ತೆ.

ಇನ್ನೊಂದು ವಿಷಯ ನಮಗೆ ಹೊಳೆಯೋದೇ ಇಲ್ಲ: ನಾಯಿಗೆ ಹಚ್ಚಿದ್ದೆಲ್ಲ ನಾಯಿ ಹೊಟ್ಟೆಗೆ ಹೋಗುತ್ತೆ. ಕೊಬ್ಬರಿ ಎಣ್ಣೆ, ಜೇನು ಅಂದ್ರೆ ಅದಕ್ಕೆ ಔತಣ, ನೆಕ್ಕಿ ನೆಕ್ಕಿ ಹೊಲಿಗೇನೇ ಕಿತ್ಕೊಳ್ಳುತ್ತೆ. ಲೋಳೆಸರ ಎಲೆಯ ಹಳದಿ ಹಾಲು ಹೊಟ್ಟೆಗೆ ಹೋದರೆ ಭೇದಿ. ಟೀ ಟ್ರೀ ಎಣ್ಣೆಯಂತೂ ನಾಯಿಗೆ ವಿಷ, ಚರ್ಮದ ಮೂಲಕವೂ ಒಳಗಿಳಿಯುತ್ತೆ. ತೂರಾಟ, ನಡುಕ ಶುರುವಾಗುತ್ತೆ.

ಅರಿಶಿನದ ತೊಂದರೆ ನನಗೆ ಅರ್ಥವಾಗಿದ್ದು ನಾಲ್ಕನೇ ದಿನ. ಬೆಳಿಗ್ಗೆ ನೋಡಿದ್ರೆ ಹೊಲಿಗೆಯ ಒಂದು ತುದಿ ಕೆಂಪಗಾಗಿ ಊದಿತ್ತು. ಎದೆ ಧಸಕ್ಕೆಂತು. ಫೋಟೋ ಕಳಿಸಿದ ಹತ್ತು ನಿಮಿಷಕ್ಕೆ ಡಾಕ್ಟ್ರು, "ಈಗಲೇ ಕರ್ಕೊಂಡು ಬನ್ನಿ" ಅಂದ್ರು. ಸೋಂಕು ಆಗಷ್ಟೇ ಶುರುವಾಗಿತ್ತು. ಮಾತ್ರೆಗೇ ಬಗ್ಗಿತು. "ಹಳದಿ ಮೆತ್ತಿದ್ರೆ ಈ ಕೆಂಪು ನಿಮಗೂ ಕಾಣ್ತಿರಲಿಲ್ಲ, ನನಗೂ ಕಾಣ್ತಿರಲಿಲ್ಲ" ಅಂದ್ರು ಡಾಕ್ಟ್ರು.

ಹಾಗಾದ್ರೆ ಮನೇಲಿ ಮಾಡೋದೇನು? ದಿನಕ್ಕೆರಡು ಸಲ ಬೆಳಕಿನಲ್ಲಿ ನೋಡೋದು. ಸುತ್ತ ಕೊಳೆಯಾದ್ರೆ, ಡಾಕ್ಟ್ರು ಹೇಳಿದ್ರೆ, ಕುದಿಸಿ ಆರಿಸಿದ ಉಪ್ಪುನೀರಲ್ಲಿ ಒದ್ದೆ ಮಾಡಿದ ಗಾಜ್ ಬಟ್ಟೆಯಿಂದ ಒರೆಸೋದು. ಲೀಟರ್ ನೀರಿಗೆ 9 ಗ್ರಾಂ ಉಪ್ಪು ಸಾಕು. ಸ್ನಾನ ಇಲ್ಲ, ಸೋಫಾ ಹಾರೋ ಹಾಗಿಲ್ಲ. ಕುತ್ತಿಗೆಗೆ ಕೋನ್ ಕಡ್ಡಾಯ, ಎಷ್ಟೇ ದೀನವಾಗಿ ನೋಡಿದ್ರೂ ಬಿಚ್ಚಬಾರದು. ಕೀವು, ವಾಸನೆ, ಬಾಯಿಬಿಟ್ಟ ಹೊಲಿಗೆ ಕಂಡ್ರೆ ನೇರ ಆಸ್ಪತ್ರೆಗೆ.

ಪ್ರೀತಿಸೋರು ನೋವಲ್ಲಿದ್ದಾಗ ಸುಮ್ನೆ ಕೂರೋದು ಕಷ್ಟ. ಕೈಗೆ ಏನಾದ್ರೂ ಕೆಲಸ ಬೇಕು. ಅದಕ್ಕೇ ನಾವು ಡಬ್ಬಿ ತಡಕಾಡೋದು. ಆ ಕೈಯನ್ನ ಗಾಯದ ಮೇಲಿಡೋ ಬದಲು ತಲೆ ಮೇಲಿಡಿ, ಕಿವಿ ಹಿಂದೆ ಕೆರೆಯಿರಿ. ಹನ್ನೆರಡನೇ ದಿನ ಹೊಲಿಗೆ ಬಿಚ್ಚೋವರೆಗೂ ನಾನು ಮಾಡಿದ್ದು ಅದನ್ನೇ.