ಮೂವತ್ತೈದೋ ಐವತ್ತೋ

ರೇಂಜ್‌ಫೈಂಡರ್ ಕ್ಯಾಮೆರಾ ಇಟ್ಟುಕೊಂಡ ಇಬ್ಬರು ಎಲ್ಲಿ ಕೂತರೂ ಮಾತು ಕಡೆಗೆ ಎರಡು ಅಂಕಿಗಳಿಗೆ ಬಂದು ನಿಲ್ಲುತ್ತದೆ. ದಿನಾ ಹೆಗಲಿಗೆ ಹಾಕಿಕೊಂಡು ಹೊರಡುವ ಕ್ಯಾಮೆರಾಕ್ಕೆ ಒಂದೇ ಲೆನ್ಸು ಎಂದಾದರೆ ಅದು 35 ಎಂಎಂ ಇರಬೇಕೋ, 50 ಎಂಎಂ ಇರಬೇಕೋ? ಎರಡನ್ನೂ ವರ್ಷಗಟ್ಟಲೆ ಬಳಸಿದ್ದೇನೆ. ಜನರಿಂದ ನಾವು ಎಷ್ಟು ದೂರ ನಿಲ್ಲಬೇಕು ಎಂಬುದು ಈ ಆಯ್ಕೆಯಲ್ಲೇ ತೀರ್ಮಾನವಾಗಿಬಿಡುತ್ತದೆ. ಅದಕ್ಕೇ ಈ ಚರ್ಚೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ.

ಈ ಜಾತಿಯ ಕ್ಯಾಮೆರಾದಲ್ಲಿ ಲೆನ್ಸಿನ ಮೂಲಕ ನೋಡುವುದಿಲ್ಲ, ಪಕ್ಕದ ಪುಟ್ಟ ಕಿಟಕಿಯಿಂದ ನೋಡುತ್ತೇವೆ. ನಡುವಿನ ಸಣ್ಣ ಚೌಕದಲ್ಲಿ ಎದುರಿನ ವಸ್ತು ಎರಡೆರಡಾಗಿ ಕಾಣುತ್ತದೆ. ಲೆನ್ಸಿನ ಉಂಗುರ ತಿರುಗಿಸಿ ಎರಡನ್ನೂ ಕೂಡಿಸಿದರೆ ಫೋಕಸ್ ಆಯಿತು. ಚಿತ್ರದ ಅಂಚನ್ನು ಬೆಳಕಿನ ಗೆರೆಗಳು ತೋರಿಸುತ್ತವೆ. ಗೆರೆಯ ಆಚೆಗಿನದೂ ಕಾಣುತ್ತಲೇ ಇರುತ್ತದೆ. ಚೌಕಟ್ಟಿನೊಳಕ್ಕೆ ಬರಲಿರುವ ಸೈಕಲ್ಲು, ಓಡಿಬರುವ ಹುಡುಗ ಮೊದಲೇ ಕಣ್ಣಿಗೆ ಬೀಳುತ್ತಾರೆ. ಈ ಸುಖ ಪೂರ್ತಿ ಸಿಗಬೇಕಾದರೆ ಲೆನ್ಸು ಪುಟ್ಟದಾಗಿರಬೇಕು. ಎಫ್/1.4ರ ದಪ್ಪ ಲೆನ್ಸಿಗೆ ಹುಡ್ ಬೇರೆ ತೊಡಿಸಿದರೆ ಕಿಟಕಿಯ ಕೆಳಮೂಲೆ ಮುಚ್ಚಿಹೋಗುತ್ತದೆ. ದಿನಬಳಕೆಗೆ ಎಫ್/2 ಸಾಕು ಎಂದು ನಾನು ಹಟ ಹಿಡಿಯುವುದು ಇದಕ್ಕೆ.

ಹಿರಿತನ ನೋಡಿದರೆ ಐವತ್ತರದೇ. 1925ರಲ್ಲಿ ಆಸ್ಕರ್ ಬಾರ್ನಾಕ್ ರೂಪಿಸಿದ ಲೈಕಾ ಮಾರುಕಟ್ಟೆಗೆ ಬಂದಾಗ ಅದಕ್ಕಿದ್ದದ್ದು ಮ್ಯಾಕ್ಸ್ ಬೆರೆಕ್ ಲೆಕ್ಕಹಾಕಿ ಮಾಡಿದ 50 ಎಂಎಂ ಲೆನ್ಸು. 1954ರ ಲೈಕಾ ಎಂ3ಯ ಕಿಟಕಿಯಲ್ಲಿ 50, 90, 135ಕ್ಕೆ ಗೆರೆಗಳಿದ್ದವು, 35ಕ್ಕೆ ಇರಲಿಲ್ಲ. ಆ ಗೆರೆ ಬಂದದ್ದು ಮುಂದಿನ ಎಂ2ರಲ್ಲಿ. ಛಾಯಾಗ್ರಾಹಕ ಹೆನ್ರಿ ಕಾರ್ಟಿಯೆ-ಬ್ರೆಸೊನ್ ಬಾಳಿನುದ್ದಕ್ಕೂ ಹೆಚ್ಚಾಗಿ ನೆಚ್ಚಿಕೊಂಡದ್ದು ಐವತ್ತನ್ನೇ. 1948ರ ಜನವರಿ 30ರ ರಾತ್ರಿ, ಬಿರ್ಲಾ ಭವನದ ಗೇಟಿನ ಬಳಿ ನೆಹರೂ ಗಾಂಧೀಜಿಯ ಸಾವಿನ ಸುದ್ದಿ ಹೇಳುತ್ತಿರುವಾಗ ಬ್ರೆಸೊನ್ ತೆಗೆದ ಚಿತ್ರ ಮಸುಕು ಮಸುಕಾಗಿದೆ. ಆ ರಾತ್ರಿಯನ್ನು ಅದಕ್ಕಿಂತ ಚೆನ್ನಾಗಿ ಹೇಳುವ ಇನ್ನೊಂದು ಚಿತ್ರ ನನಗೆ ಗೊತ್ತಿಲ್ಲ. ಲೆನ್ಸಿನ ಚೂಪುತನದ ಬಗ್ಗೆ ಯಾರಾದರೂ ಉದ್ದಕ್ಕೆ ಮಾತಾಡಿದಾಗಲೆಲ್ಲ ನಾನು ಅದನ್ನು ನೆನೆಯುತ್ತೇನೆ.

ಈಗ ಸ್ವಲ್ಪ ಲೆಕ್ಕ. ಮೂರು ಮೀಟರು ದೂರದಲ್ಲಿ ನಿಂತರೆ 50 ಎಂಎಂಗೆ ಎದುರಿನ ಎರಡು ಮೀಟರು ಚಿಲ್ಲರೆ ಅಗಲ ದಕ್ಕುತ್ತದೆ. 35ಕ್ಕೆ ಮೂರು ಮೀಟರಿಗೂ ತುಸು ಹೆಚ್ಚು. ಅಪರ್ಚರ್ ಎಫ್/8ಕ್ಕಿಟ್ಟು ಅದೇ ಮೂರು ಮೀಟರಿಗೆ ಫೋಕಸ್ ಮಾಡಿದರೆ 35ರಲ್ಲಿ ಸುಮಾರು 1.9 ಮೀಟರಿನಿಂದ 7 ಮೀಟರಿನವರೆಗೆ ಎಲ್ಲವೂ ಸ್ಪಷ್ಟ. 50ರಲ್ಲಿ 2.3ರಿಂದ 4.2ರವರೆಗೆ, ಅಷ್ಟೆ. ಹೀಗಾಗಿ ಬಿಸಿಲಿರುವ ಬೆಳಿಗ್ಗೆ ಮೂವತ್ತೈದನ್ನು ಮೂರು ಮೀಟರಿಗೆ ಇಟ್ಟುಕೊಂಡು ಹೊರಟರೆ ಉಂಗುರ ಮುಟ್ಟುವ ಕೆಲಸವೇ ಇಲ್ಲ. ಕ್ಯಾಮೆರಾ ಎತ್ತುವುದು, ಒತ್ತುವುದು.

ಗಾಂಧಿಬಜಾರಿನಲ್ಲಿ ಹೂ ಕಟ್ಟುತ್ತಿದ್ದ ಹೆಂಗಸೊಬ್ಬರನ್ನು ಕೇಳಿಕೊಂಡೇ ಒಂದು ಫೋಟೊ ತೆಗೆಯಹೊರಟಿದ್ದೆ. "ಪೇಪರಲ್ಲಿ ಬರುತ್ತಾ ಸಾರ್?" ಎಂದರು. "ಇಲ್ಲಮ್ಮ, ನಾನೇ ಇಟ್ಕೊಳ್ಳಕ್ಕೆ" ಎಂದೆ. "ಹಂಗಾರೆ ಮಗೂನೂ ಸೇರಿಸ್ಕೊಳ್ಳಿ" ಎಂದು ಪಕ್ಕದ ಗೋಣಿಚೀಲದ ಮೇಲೆ ಕೂತಿದ್ದ ಮೊಮ್ಮಗಳನ್ನು ತೋರಿಸಿದರು. ಹಿಂದೆ ಸರಿಯಲು ಜಾಗವಿರಲಿಲ್ಲ, ಬೆನ್ನಿಗೆ ಆಟೊ ನಿಂತಿತ್ತು. ಮೂವತ್ತೈದು ಇದ್ದುದರಿಂದ ಅಜ್ಜಿ, ಮೊಮ್ಮಗಳು, ಸೇವಂತಿಗೆ ಬುಟ್ಟಿ, ತಕ್ಕಡಿ ಎಲ್ಲವೂ ಒಳಗೆ ಬಂದವು. ನಮ್ಮ ಬೀದಿಗಳಲ್ಲಿ ಒಬ್ಬರೇ ಇರುವುದು ಕಡಿಮೆ. ಒಬ್ಬರ ಚಿತ್ರ ಎಂದರೆ ಪಕ್ಕದವರದೂ ಹೌದು. ಮನೆಯೊಳಗಂತೂ ಈ ಮಾತು ಇನ್ನೂ ನಿಜ. ಅಡುಗೆಮನೆಯ ಬಾಗಿಲಲ್ಲಿ ನಿಂತು ಐವತ್ತರಲ್ಲಿ ನೋಡಿದರೆ ಒಲೆ ಸಿಕ್ಕಿದರೆ ಅಮ್ಮ ಸಿಗುವುದಿಲ್ಲ.

ಇನ್ನೂ ಅಗಲದ 28 ಇದೆಯಲ್ಲ ಎನ್ನುವವರಿದ್ದಾರೆ. ನನ್ನಂತೆ ಕನ್ನಡಕ ಹಾಕುವವರಿಗೆ ಲೈಕಾದ ಸಾಮಾನ್ಯ ಎಂ ಕ್ಯಾಮೆರಾದ ಕಿಟಕಿಯಲ್ಲಿ 28ರ ಗೆರೆಗಳ ಅಂಚು ನೆಟ್ಟಗೆ ಕಾಣುವುದೇ ಇಲ್ಲ.

ಮುಖದ ವಿಷಯ ಬಂದರೆ ಮಾತ್ರ ಐವತ್ತಕ್ಕೆ ನಮಸ್ಕಾರ. ಮೂವತ್ತೈದರಲ್ಲಿ ಮುಖ ತುಂಬಿಸಬೇಕೆಂದು ತೀರಾ ಹತ್ತಿರ ಹೋದರೆ ಮೂಗು ದೊಡ್ಡದಾಗುತ್ತದೆ. ಐವತ್ತು ಒಂದು ಮೀಟರಿನಲ್ಲಿ, ಎಫ್/2ರಲ್ಲಿ, ಬರೀ ಐದು ಸೆಂಟಿಮೀಟರು ಆಳವನ್ನು ಸ್ಪಷ್ಟವಾಗಿ ಹಿಡಿಯುತ್ತದೆ: ಕಣ್ಣು, ಅದರ ಸುತ್ತಲಿನ ಸುಕ್ಕು. ಉಳಿದದ್ದು ಮೆಲ್ಲಗೆ ಕರಗುತ್ತದೆ. ವಯಸ್ಸಾದವರ ಮುಖಕ್ಕೆ ಇದಕ್ಕಿಂತ ಗೌರವದ ಲೆನ್ಸು ಬೇರೆ ಕಾಣೆ.

ಯಾವ ಕಂಪನಿಯದು ಎಂಬುದಕ್ಕೆ ನಾನು ಅಷ್ಟು ತಲೆಕೆಡಿಸಿಕೊಳ್ಳುವುದಿಲ್ಲ. ಲೈಕಾದ ಸುಮಿಕ್ರಾನ್ ಅದ್ಭುತವೇ. ಜಪಾನಿನ ಕೊಸಿನಾ ಮಾಡುವ ಫೋಕ್ಟ್‌ಲೆಂಡರ್ ಲೆನ್ಸುಗಳು ಅದರ ಬೆಲೆಯ ಸಣ್ಣ ಪಾಲಿಗೆ ಸಿಗುತ್ತವೆ, ಕೆಲಸದಲ್ಲಿ ಏನೂ ಕಡಿಮೆಯಿಲ್ಲ. ಸೋವಿಯತ್ ಕಾಲದ ಜುಪಿಟರ್-8 ಇನ್ನೂ ಅಗ್ಗ. ಆದರೆ ಜೈಸ್‌ನ ಎಫ್/1.5 ಸೊನ್ನಾರ್‌ನಂಥ ಕೆಲವು ಲೆನ್ಸುಗಳಲ್ಲಿ ಅಪರ್ಚರ್ ಕಿರಿದಾದಂತೆ ಫೋಕಸ್ ಹಿಂದಕ್ಕೆ ಜಾರುತ್ತದೆ. ಲೆನ್ಸಿನ ಮೂಲಕ ನೋಡದ ನಮಗೆ ಅದು ಗೊತ್ತಾಗುವುದು ಫಿಲ್ಮು ತೊಳೆದ ಮೇಲೆಯೇ. ಹಳೆಯದನ್ನು ಕೊಳ್ಳುವಾಗ ಟಾರ್ಚು ಬಿಟ್ಟು ಒಳಗೆ ಬೂಷ್ಟು ಹಿಡಿದಿದೆಯೇ ನೋಡಿ. ಮಲೆನಾಡು, ಕರಾವಳಿಯ ಮಳೆಗಾಲ ಕಂಡ ಲೆನ್ಸಾದರೆ ಎರಡು ಸಲ ನೋಡಿ. ಮನೆಗೆ ತಂದ ಮೇಲೆ ಚರ್ಮದ ಚೀಲದಲ್ಲಿ ಮುಚ್ಚಿಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿಡಿ.

ಒಂದೇ ಲೆನ್ಸು ಕೊಳ್ಳುವಷ್ಟು ದುಡ್ಡಿದ್ದರೆ 35 ಎಂಎಂ ಎಫ್/2 ಕೊಳ್ಳಿ, ಒಂದು ವರ್ಷ ಅದನ್ನು ಕ್ಯಾಮೆರಾದಿಂದ ಬಿಚ್ಚಬೇಡಿ. ಐವತ್ತು ಆಮೇಲೆ ಬರಲಿ.