ಆಕಾಶದ ಬದು

ನೆಲವನ್ನು ಹಂಚಿಕೊಳ್ಳುವುದು ನಮಗೆ ಗೊತ್ತು. ಶಿರಹಟ್ಟಿಯ ಕಡೆಗಿರುವ ನಮ್ಮ ಹೊಲಕ್ಕೂ ಮಗ್ಗುಲಿನ ಹೊಲಕ್ಕೂ ನಡುವೆ ಬದುವಿದೆ; ಮೂಲೆಯಲ್ಲಿ ಬಾಂದಗಲ್ಲಿದೆ. ಆ ಕಲ್ಲು ಒಂದು ಗೇಣು ಸರಿದರೆ ಎರಡು ಮನೆಗಳ ನಡುವೆ ಹತ್ತು ವರುಷ ಮಾತು ನಿಲ್ಲುತ್ತದೆ. ಆದರೆ ಆಕಾಶಕ್ಕೆ ಬದು ಯಾವುದು? ಡ್ರೋನಿನ ದೆಸೆಯಿಂದ ಈ ಪ್ರಶ್ನೆ ನನಗೆ ಹುಟ್ಟಿತು.

ಬಿ.ಎ. ಮುಗಿದ ಮೇಲೆ ಔಷಧ ಸಿಂಪಡಿಸುವ ಡ್ರೋನು ನಡೆಸಬೇಕೆಂಬುದು ನನ್ನ ಹಂಬಲ. ಗದಗ-ಬೆಟಗೇರಿಯಿಂದ ಲಕ್ಷ್ಮೇಶ್ವರ, ಮುಂಡರಗಿಯವರೆಗೆ ಎರೆಯೂ ಮಸಾರಿಯೂ ಬೆರೆತ ನಾಡು ನಮ್ಮದು. ಹೆಸರು, ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿ ಇಲ್ಲಿಯ ಬೆಳೆಗಳು. ಬೆನ್ನಿಗೆ ಪಂಪು ಹೊತ್ತು ಬಿಸಿಲಲ್ಲಿ ಸುತ್ತುವ ಕಷ್ಟವನ್ನು ನಾನು ಬಲ್ಲೆ. ಆದುದರಿಂದ ಮೊದಲು ನಿಯಮಗಳನ್ನು ಓದಲು ಕುಳಿತೆ.

ಕೇಂದ್ರ ಸರಕಾರವು 2021ರ ಆಗಸ್ಟ್ 25ರಂದು ಡ್ರೋನ್ ನಿಯಮಗಳನ್ನು ಹೊರಡಿಸಿತು. ಅವುಗಳ ಪ್ರಕಾರ ಡ್ರೋನುಗಳಲ್ಲಿ ತೂಕಕ್ಕೆ ತಕ್ಕಂತೆ ಐದು ವರ್ಗಗಳು: 250 ಗ್ರಾಂವರೆಗೆ ನ್ಯಾನೊ, 2 ಕಿಲೊವರೆಗೆ ಮೈಕ್ರೊ, 25 ಕಿಲೊವರೆಗೆ ಸಣ್ಣದು, 150 ಕಿಲೊವರೆಗೆ ಮಧ್ಯಮ, ಅದನ್ನು ಮೀರಿದರೆ ದೊಡ್ಡದು. ಹೊತ್ತ ಔಷಧದ ಭಾರವೂ ಈ ತೂಕದಲ್ಲಿ ಸೇರುತ್ತದೆ. ಹೊಲಕ್ಕೆ ಬರುವ 10 ಲೀಟರಿನ ಡ್ರೋನು ಸಾಮಾನ್ಯವಾಗಿ ಸಣ್ಣ ವರ್ಗದ್ದು. ಅದಕ್ಕೆ ನೋಂದಣಿಯ ಸಂಖ್ಯೆ ಬೇಕು, ಪರರಿಗೆ ಹಾನಿಯಾದರೆ ತುಂಬಿಕೊಡುವ ವಿಮೆ ಬೇಕು, ನಡೆಸುವವನಿಗೆ ಪ್ರಮಾಣಪತ್ರ ಬೇಕು. ಪ್ರಮಾಣಪತ್ರಕ್ಕೆ 18ರಿಂದ 65ರೊಳಗಿನ ವಯಸ್ಸು, ಹತ್ತನೆಯ ತರಗತಿಯ ತೇರ್ಗಡೆ, ಮಾನ್ಯ ಸಂಸ್ಥೆಯಲ್ಲಿ ತರಬೇತಿ ಇದ್ದರಾಯಿತು.

ನಕ್ಷೆಯಲ್ಲಿ ಆಕಾಶಕ್ಕೆ ಮೂರು ಬಣ್ಣ. ಹಸುರಿನಲ್ಲಿ 400 ಅಡಿಯವರೆಗೆ ಹಾರಿಸಲು ಮುಂಗಡ ಅಪ್ಪಣೆ ಬೇಡ. ಹಳದಿಯಲ್ಲಿ ವಿಮಾನ ಸಂಚಾರ ನಿಯಂತ್ರಕರನ್ನೂ, ಕೆಂಪಿನಲ್ಲಿ ಕೇಂದ್ರ ಸರಕಾರವನ್ನೂ ಕೇಳಬೇಕು. ವಿಮಾನ ನಿಲ್ದಾಣದ ಸುತ್ತಲಿನ ಹಳದಿ ಪಟ್ಟಿ 12 ಕಿಲೊಮೀಟರಿಗೆ ಮುಗಿಯುವುದರಿಂದ ಹುಬ್ಬಳ್ಳಿಯ ನಿಲ್ದಾಣ ನಮಗೆ ಅಡ್ಡಿಯಲ್ಲ. ಆದರೂ ರಾಜ್ಯ ಸರಕಾರ ಅಗತ್ಯ ಕಂಡಾಗ ಒಂದು ಪ್ರದೇಶವನ್ನು 96 ತಾಸುಗಳವರೆಗೆ ಕೆಂಪೆಂದು ಸಾರಬಹುದು. ಆದ್ದರಿಂದ ಹಾರಿಸುವ ಮುನ್ನ ಪ್ರತಿಸಲವೂ ನಕ್ಷೆ ನೋಡತಕ್ಕದ್ದು. ತಪ್ಪಿದರೆ ಒಂದು ಲಕ್ಷ ರೂಪಾಯಿಯವರೆಗೆ ದಂಡ.

ಇದನ್ನೆಲ್ಲ ಅಪ್ಪನಿಗೆ ವಿವರಿಸಿದೆ. ಅಪ್ಪ ಶಾಲೆಯ ಮೆಟ್ಟಿಲು ಹತ್ತಿದವನಲ್ಲ.

“ನಮ್ಮ ಹೊಲದ ಮ್ಯಾಲ ಹಾರಸಾಕ ದಿಲ್ಲಿಯವರನ್ನ ಯಾಕ ಕೇಳಬೇಕೋ ತಮ್ಮಾ?” ಎಂದ.

“ಹೊಲ ನಮ್ಮದು ಖರೆ, ಗಾಳಿ ನಮ್ಮದಲ್ಲಪ್ಪಾ,” ಎಂದು ನಾನು ಕಾಸರಗೋಡಿನ ಕಥೆ ಹೇಳಿದೆ. ಅಲ್ಲಿಯ ಗೇರು ತೋಟಗಳ ಮೇಲೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿದರು. ವಿಷ ತೋಟದ ಬೇಲಿಯೊಳಗೆ ನಿಲ್ಲಲಿಲ್ಲ. ಕೆರೆ, ಬಾವಿ, ಅಂಗಳಗಳಿಗೂ ಹೋಯಿತು. ಸುತ್ತಲ ಊರುಗಳ ಎಷ್ಟೋ ಮಕ್ಕಳು ರೋಗ, ಅಂಗವೈಕಲ್ಯಗಳಿಂದ ನರಳಿದರು. 2011ರಲ್ಲಿ ಸುಪ್ರೀಂ ಕೋರ್ಟು ಆ ಔಷಧವನ್ನು ದೇಶದಾದ್ಯಂತ ತಡೆಯಿತು.

ಅಪ್ಪ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ಹಂಗಾದ್ರ ಬದು ಬೇಕು ಬಿಡು,” ಎಂದ. ತುಸು ತಡೆದು ಇನ್ನೊಂದು ಬಾಣ ಬಿಟ್ಟ: “ಹತ್ತನೇತ್ತೆ ಪಾಸಾದ್ರ ಸಾಕಂದ್ರ, ನೀ ಕಾಲೇಜಿಗೆ ಯಾಕ ಹ್ವಾದಿ?”

ಗೆಳೆಯರೇ, ನಮ್ಮ ಮನೆತನದಲ್ಲಿ ಪದವಿಯ ಹೊಸ್ತಿಲಿಗೆ ಬಂದವರಲ್ಲಿ ನಾನೇ ಮೊದಲಿಗ. ಈ ಪ್ರಶ್ನೆ ನಿಮ್ಮಲ್ಲಿ ಹಲವರ ಮನೆಯಲ್ಲಿಯೂ ಎದ್ದಿರಬಹುದು. ಯಂತ್ರ ಹಾರಿಸಲು ಬಿ.ಎ. ಬೇಡ, ನಿಜ. ಆದರೆ ದಿಲ್ಲಿಯ ರಾಜಪತ್ರ ಹಿಂದಿ, ಇಂಗ್ಲಿಷುಗಳಲ್ಲಿ ಅಚ್ಚಾಗುತ್ತದೆ. ಅದನ್ನು ಓದಿ ಅರ್ಥ ಮಾಡಿಕೊಂಡು, ಏಕೆ ಈ ನಿಯಮ ಎಂಬುದನ್ನು ಕನ್ನಡದಲ್ಲಿ ಅಪ್ಪನೆದುರು ಹೇಳಲು ಈ ಮೂರು ವರುಷದ ಓದು ಬೇಕಾಯಿತು. ನಿಯಮ ತಿಳಿಯದವನಿಗೆ ಅದು ಬರಿ ದಂಡದ ಭಯ. ತಿಳಿದವನಿಗೆ ನೆರೆಯವನ ಬಾವಿಯ ನೆನಪು.

ತರಬೇತಿಯ ಶುಲ್ಕಕ್ಕಾಗಿ ಎಮ್ಮೆ ಮಾರುವ ಮಾತು ಮನೆಯಲ್ಲಿ ನಡೆದಿದೆ. ಅವ್ವ ಇನ್ನೂ ಒಪ್ಪಿಲ್ಲ. ಮೊನ್ನೆ ಸಂಜೆ ಮಾತ್ರ ಅಪ್ಪ ಕಟ್ಟೆಯ ಮೇಲೆ ನಾಲ್ಕು ಜನರನ್ನು ಕೂರಿಸಿಕೊಂಡು, ಹಸುರು, ಹಳದಿ, ಕೆಂಪೆಂದು ಬೆರಳು ಮಡಿಸಿ ಆಕಾಶದ ಬದುಗಳನ್ನು ಎಣಿಸಿ ಹೇಳುತ್ತಿದ್ದ.